ಗೆಳೆಯನಿಗೊಂದು ಪತ್ರ: ಲೋಕಲ್ ಹತ್ತುವ ಮುಂಚೆ

ಪ್ರಿಯ ಸ್ಟೇಷನ್ ಮಾಸ್ತರರೇ,

‘ಮುಂಬಯಿಗೆ ಬರ್ತೇನೆ, ಒಂದು ದಿನ ಪೂರ್ತಿ ಲೋಕಲ್‌ನಲ್ಲೇ ಕಳೆಯುವಾ’ ಅಂತ ಮೆಸೇಜ್ ಹಾಕಿ ಸುಮ್ಮನಾದೆಯಲ್ಲ, ಅದಕ್ಕೆ ಉತ್ತರ ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಹೋದ ಸಲ ಗುಟ್ಟಾಗಿ ಹೇಳಿದ ಸೂಚನೆಗಳನ್ನು ನೀನು ಅರಸೀಕೆರೆಯಲ್ಲಿ ಹೇಗೆ ಪಾಲಿಸಿದೆ ಅಂತ ನಮ್ಮಿಬ್ಬರಿಗೂ ಗೊತ್ತು. ಈ ಸಲ ಸಾಕ್ಷಿಗಳಿರಲಿ.

ಮೊದಲು ದಿನ ಆರಿಸು. ಭಾನುವಾರ ಬೇಡವೇ ಬೇಡ. ರಜೆ, ರಶ್ ಇರುವುದಿಲ್ಲ ಅಂತ ಎಲ್ಲರೂ ಹಾಗೇ ಅಂದುಕೊಳ್ಳುವುದು. ಭಾನುವಾರ ಮೆಗಾ ಬ್ಲಾಕ್. ಹಳಿ, ತಂತಿ, ಸಿಗ್ನಲ್ ರಿಪೇರಿಗೆ ಒಂದು ಜೋಡಿ ಹಳಿ ಮುಚ್ಚಿ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಇರುವ ಜನ ಅಷ್ಟೇ, ಗಾಡಿ ಮಾತ್ರ ಕಡಿಮೆ. ವಾರದ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಸಿ.ಎಸ್.ಎಂ.ಟಿ.ಯಿಂದ (ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಹೊರಗೆ ಹೊರಡು, ಸಂಜೆ ಅದೇ ಕಡೆಗೆ ವಾಪಸ್ಸು ಬಾ. ಇಲ್ಲಿ ಜನಪ್ರವಾಹ ಬೆಳಿಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ನಾವು ಅದಕ್ಕೆ ಎದುರು ಈಜುವವರು, ಹಾಗಾಗಿ ಕಿಟಕಿ ಸೀಟು ಸಿಗುತ್ತದೆ.

ಎಲ್ಲಿಗೆ? ನನ್ನ ಓಟು ಕರ್ಜತ್‌ಗೆ. ಸಿ.ಎಸ್.ಎಂ.ಟಿ.ಯಿಂದ 100 ಕಿ.ಮೀ., ಎರಡು ಗಂಟೆ ಮೇಲೆ ಸ್ವಲ್ಪ. ರಿಟರ್ನ್ ಟಿಕೆಟ್ ಒಟ್ಟಿಗೇ ತೆಗೆ. ಆದರೆ ನೇರಳ್‌ನಲ್ಲಿ ಇಳಿದು ಮಾಥೇರಾನ್‌ನ ಎರಡಡಿ ಗೇಜಿನ ಪುಟ್ಟ ಎಂಜಿನ್ ನೋಡಿ ಮತ್ತೆ ಹತ್ತುವ ಆಸೆ ಇದ್ದರೆ ಈಗಲೇ ಹೇಳು. ಲೋಕಲ್ ಟಿಕೆಟ್‌ನಲ್ಲಿ ನಡುವೆ ಇಳಿದು ಪ್ರಯಾಣ ಮುಂದುವರಿಸಲು ಬಿಡುವುದಿಲ್ಲ, ಬೇರೆ ಟಿಕೆಟ್ ಮಾಡಬೇಕು.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡಿನಲ್ಲಿ ಕರ್ಜತ್‌ನ ಅಕ್ಷರ ‘ಎಸ್’, ಇನ್ನೊಂದು ಕವಲಿನ ಕೊನೆಯ ಕಸಾರಾದ್ದು ‘ಎನ್’. ಹೆಸರಿಗೂ ಅಕ್ಷರಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಹಳೇ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಲ್ಯಾಣ್‌ನಲ್ಲಿ ಎರಡಾಗಿ ಕವಲೊಡೆಯಿತು, ಒಂದು ಆಗ್ನೇಯಕ್ಕೆ, ಒಂದು ಈಶಾನ್ಯಕ್ಕೆ. ಸೌತ್ ಈಸ್ಟಿನ ಎಸ್, ನಾರ್ತ್ ಈಸ್ಟಿನ ಎನ್. ಆ ಆಗ್ನೇಯದ ಕವಲೇ ಘಟ್ಟ ಹತ್ತಿ ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಕೈ ಹಿಡಿದದ್ದು. ದಿನಾ ಲಕ್ಷಾಂತರ ಜನ ನೋಡುವ ಆ ಒಂದಕ್ಷರದೊಳಗೆ ನಮ್ಮ ರಾಯಚೂರು ಕೂತಿದೆ. ಜಾಗ್ರತೆ, ಸ್ಲೋ ಗಾಡಿಗೂ ‘ಎಸ್’ ಅಂತಲೇ ಹಾಕುತ್ತಾರೆ, ಬೇರೆ ಮನೆಯಲ್ಲಿ. ಎರಡು ಎಸ್‌ಗಳನ್ನು ಕಲಸಿಕೊಂಡು ಥಾಣೆಯಲ್ಲಿ ಇಳಿದು ನಿಂತರೆ ನಾನು ಬರುವುದಿಲ್ಲ. 12 ಡಬ್ಬಿಯದೋ 15 ಡಬ್ಬಿಯದೋ ಅನ್ನುವುದನ್ನೂ ಓದು. ಗಾಡಿಯ ಮೂತಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಅದರ ಮೇಲಿದೆ, ಪ್ಲಾಟ್‌ಫಾರ್ಮಿನಲ್ಲಿ ಓಡುವುದು ಬಿಡುವುದು ನಿನಗೆ ಬಿಟ್ಟದ್ದು.

ಈಗ ನಿನಗೆ ಬೇಕಾದ ಭಾಗಕ್ಕೆ ಬರುತ್ತೇನೆ. (ಉಳಿದವರು ಎದ್ದು ಚಾ ಕುಡಿದು ಬನ್ನಿ.)

12 ಡಬ್ಬಿಯ ಗಾಡಿಯಲ್ಲಿ ನಾಲ್ಕು ಮೋಟರ್ ಕೋಚ್, ಅಂದರೆ ಗಾಡಿಯನ್ನು ಓಡಿಸುವ ಮೋಟರುಗಳಿರುವ ಡಬ್ಬಿ. ತಲೆ ಮೇಲೆ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟು ತೆಗೆದುಕೊಳ್ಳುವ ತೋಳು) ಇರುವುದೇ ಅದು. ಒಳಗೆ ಒಂದು ಭಾಗ ಹೈ ಟೆನ್ಶನ್ ಉಪಕರಣಗಳ ಕೋಣೆಗೆ ಹೋಗಿರುತ್ತದೆ, ಆದ್ದರಿಂದ ಜನರಿಗೆ ಜಾಗ ಕಡಿಮೆ. ಬಲ್ಲವರು ಇದನ್ನು ಬಿಟ್ಟು ಪಕ್ಕದ ಡಬ್ಬಿ ಹತ್ತುತ್ತಾರೆ. ನೀನು ಇದನ್ನೇ ಹತ್ತು. ನಡುವೆ ಕೂರಬೇಡ, ತುದಿಗೆ, ಬೋಗಿಯ, ಅಂದರೆ ಡಬ್ಬಿಯಡಿ ಚಕ್ರಗಳಿರುವ ಚೌಕಟ್ಟಿನ, ಸರಿ ಮೇಲೆ ಕೂತುಕೋ. ಮೋಟರುಗಳು ಅಲ್ಲೇ ಕಾಲಡಿಗೆ, ಪ್ರತಿ ಅಚ್ಚಿಗೆ ಒಂದು. ಗಾಡಿ ಹೊರಟಾಗ ಸ್ವರ ಒಂದೇ ಸಮ ಏರುವುದಿಲ್ಲ. ಏರುತ್ತದೆ, ತಟಕ್ಕನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮೋಟರಿಗೆ ಬೇಕಾದ ಹಾಗೆ ಕರೆಂಟನ್ನು ಮಾರ್ಪಡಿಸುವ ಇನ್ವರ್ಟರ್ ತನ್ನ ಸ್ವಿಚಿಂಗಿನ ಲೆಕ್ಕ ಬದಲಿಸುವ ಸದ್ದು ಅದು. ಬ್ರೇಕ್ ಹಾಕಿದಾಗ ಅದೇ ಸ್ವರಾವಳಿ ಅವರೋಹಣದಲ್ಲಿ. ಮೋಟರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ಸು ಕೊಡುತ್ತಿರುತ್ತದೆ. ಕೊನೇ ಗಳಿಗೆಯಲ್ಲಿ ಅದು ನಿಂತು ಗಾಳಿ ಬ್ರೇಕಿನ ‘ಸುಸ್ಸ್’. ಆ ಕೈಬದಲಾವಣೆ ಗೊತ್ತೇ ಆಗದ ಹಾಗೆ ನಿಲ್ಲಿಸುವ ಮೋಟರ್‌ಮ್ಯಾನ್ ಸಿಕ್ಕಿದರೆ ನಿನ್ನ ಪುಣ್ಯ.

ಹಳೇ ಡಿ.ಸಿ. (ಏಕಮುಖ ವಿದ್ಯುತ್) ಗಾಡಿಗಳ ಆ ತಳ್ಳು, ಹೊರಡುವಾಗ ಪವರ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ನಾಚ್ ನಾಚ್‌ಗೆ ಬೆನ್ನಿಗೆ ಮೆಲ್ಲ ಗುದ್ದಿದ ಹಾಗೆ ಆಗುತ್ತಿತ್ತಲ್ಲ, ಅದು ಈಗ ಸಿಗುವುದಿಲ್ಲ. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ (ಇಂದಿನ ಸಿ.ಎಸ್.ಎಂ.ಟಿ.) ಕುರ್ಲಾಕ್ಕೆ ಹಾರ್ಬರ್ ಹಳಿಯ ಮೇಲೆ ಹೊರಟ 1,500 ವೋಲ್ಟಿನ ಕಥೆ 2016ರ ಏಪ್ರಿಲಿನಲ್ಲಿ ಅದೇ ಹಾರ್ಬರ್ ಹಳಿಯಲ್ಲಿ ಮುಗಿಯಿತು. ಈಗ ಎಲ್ಲ ಕಡೆ 25,000 ವೋಲ್ಟ್ ಎ.ಸಿ. (ತಂಪು ಮಾಡುವ ಎ.ಸಿ. ಅಲ್ಲ, ಪರ್ಯಾಯ ವಿದ್ಯುತ್). ಅಷ್ಟೇ ಶಕ್ತಿಗೆ ಕರೆಂಟು ಹದಿನೇಳನೇ ಒಂದು ಪಾಲು ಸಾಕು. ತಂತಿ ತೆಳು, ಸಬ್‌ಸ್ಟೇಷನ್ ದೂರ ದೂರ.

ಆದರೆ ಎ.ಸಿ. ಬಂದಾಗ ಜೊತೆಗೆ ಒಂದು ಹೊಸ ವಸ್ತು ಬಂತು, ನ್ಯೂಟ್ರಲ್ ಸೆಕ್ಷನ್. ಅಕ್ಕಪಕ್ಕದ ಸಬ್‌ಸ್ಟೇಷನ್‌ಗಳು ಬೇರೆ ಬೇರೆ ಫೇಸಿನಿಂದ ಕರೆಂಟು ಕೊಡುತ್ತವೆ, ಅವೆರಡು ತಾಗಬಾರದು. ನಡುವೆ ಕರೆಂಟಿಲ್ಲದ ತುಂಡು ತಂತಿ. ಹಳಿ ಪಕ್ಕ 500 ಮೀಟರಿಗೆ ಒಂದು, 250 ಮೀಟರಿಗೆ ಒಂದು ಎಚ್ಚರಿಕೆ ಬೋರ್ಡು. ಮೋಟರ್‌ಮ್ಯಾನ್ ಪವರ್ ತೆಗೆದು, ಸರ್ಕೀಟ್ ಬ್ರೇಕರ್ ತೆರೆದು, ಬಂದ ವೇಗದಲ್ಲೇ ಜಾರಿಸಿಕೊಂಡು ದಾಟುತ್ತಾನೆ. ಆಗ ಮೋಟರ್ ಮೌನ, ಫ್ಯಾನು ಮೆಲ್ಲಗೆ ಸುಸ್ತಾಗಿ ನಿಲ್ಲುತ್ತದೆ, ಅಷ್ಟು ಹೊತ್ತು ಕೇಳಿಯೂ ಕೇಳಿಸದಿದ್ದ ಕಂಪ್ರೆಸರಿನ ಗುರ್ ನಿಂತಾಗಲೇ ಅದು ಇತ್ತು ಅಂತ ಗೊತ್ತಾಗುವುದು. ಕೆಲವೇ ಸೆಕೆಂಡು. ಆಮೇಲೆ ಎಲ್ಲ ಒಟ್ಟಿಗೆ ಎದ್ದು ಕೂರುತ್ತದೆ.

ನಿನಗೆ ಗೊತ್ತು, ನನ್ನ ಫೋನಿನಲ್ಲಿರುವುದೆಲ್ಲ ಇಂಥ ಸದ್ದೇ. ಗಾಡಿಯ ಮಾದರಿ, ಡಬ್ಬಿ, ಎಲ್ಲಿಂದ ಎಲ್ಲಿಗೆ ಅಂತ ಚೀಟಿ ಅಂಟಿಸಿದ ಫೈಲುಗಳು. ನಿನಗೆ ಕಳಿಸಲೆಂದು ಈ ವಾರ ಅವನ್ನೆಲ್ಲ ಮತ್ತೆ ಕೇಳುತ್ತಿದ್ದೆ. ನ್ಯೂಟ್ರಲ್ ಸೆಕ್ಷನ್ ಬಂದಲ್ಲೆಲ್ಲ ಕತ್ತರಿ ಬಿದ್ದಿದೆ. ಹಾಕಿದವನು ನಾನೇ. ಯಾಕೆ ಅಂದರೆ ಆ ಕೆಲವು ಸೆಕೆಂಡು ಯಂತ್ರದ ಸದ್ದು ಇರುವುದಿಲ್ಲ, ಜನರದ್ದು ಮಾತ್ರ ಇರುತ್ತದೆ. ಯಾರೋ ‘ಥೋಡಾ ಅಂದರ್’ ಅನ್ನುವುದು. ಯಾರೋ ಮನೆಗೆ ಫೋನ್ ಮಾಡಿ ಅನ್ನ ಇಟ್ಟಿದ್ದೀಯಾ ಅಂತ ಮರಾಠಿಯಲ್ಲಿ ಕೇಳುವುದು. ನನ್ನ ಪಟ್ಟಿಯಲ್ಲಿ ಅದರ ಹೆಸರು ‘ಗಲಾಟೆ’.

ತಮಾಷೆ ನೋಡು, ಈಚಿನ ಗಾಡಿಗಳಿಗೆ ಜನ ಎಷ್ಟಿದ್ದಾರೆ ಅಂತ ಗೊತ್ತಿರುತ್ತದೆ. ಡಬ್ಬಿ ಕೂತಿರುವುದು ಗಾಳಿ ತುಂಬಿದ ಸ್ಪ್ರಿಂಗಿನ ಮೇಲೆ. ಭಾರ ಹೆಚ್ಚಿದಷ್ಟೂ ಸ್ಪ್ರಿಂಗಿನಲ್ಲಿ ಗಾಳಿಯ ಒತ್ತಡ ಹೆಚ್ಚು, ಆ ಒತ್ತಡ ನೋಡಿಕೊಂಡು ಬ್ರೇಕು ತನ್ನ ಬಲ ಹೊಂದಿಸಿಕೊಳ್ಳುತ್ತದೆ. ಹಳೇ ಸುರುಳಿ ಸ್ಪ್ರಿಂಗಿನ ಡಬ್ಬಿಗಳು ಜನ ತುಂಬಿದರೆ ಕುಗ್ಗುತ್ತಿದ್ದವು, ಇವು ಎತ್ತರ ಬಿಟ್ಟುಕೊಡುವುದಿಲ್ಲ. ಒಂದು ಚದರ ಮೀಟರಿನಲ್ಲಿ ಹದಿನಾಲ್ಕರಿಂದ ಹದಿನಾರು ಜನ ನಿಂತಿರುವ ಲೆಕ್ಕಕ್ಕೆ ರೈಲ್ವೆಯವರೇ ಒಂದು ಹೆಸರಿಟ್ಟಿದ್ದಾರೆ, ಸೂಪರ್ ಡೆನ್ಸ್ ಕ್ರಷ್ ಲೋಡ್. ಒಂದು ಚದರ ಮೀಟರ್ ಅಂದರೆ ನಿನ್ನ ಆ ಕೇರಂ ಬೋರ್ಡಿಗಿಂತ ಸ್ವಲ್ಪ ದೊಡ್ಡದು. ಸ್ಪ್ರಿಂಗಿಗೆ ತಿಳಿದದ್ದು ನನ್ನ ಕಿವಿಗೆ ತಿಳಿಯಲಿಲ್ಲ.

ಈಗ ಬಾಗಿಲಿನ ವಿಷಯ. ಎಲ್ಲ ಸದ್ದೂ ಒಟ್ಟಿಗೆ ಸಿಗುವ ಜಾಗ ಬಾಗಿಲು. ಎದುರು ಗಾಡಿ ಬರುವಾಗ ಗಾಳಿಯ ಪೆಟ್ಟು, ಭಾಯಂದರ್ ದಾಟಿ ಖಾಡಿಯ ಸೇತುವೆ ಏರಿದಾಗ ಸದ್ದು ಟೊಳ್ಳಾಗುವುದು. ಇದನ್ನು ನಿನಗೆ ಹೊಗಳಿ ಹೊಗಳಿ ಹೇಳಿದವನು ನಾನೇ. ನಿಲ್ಲಬೇಡ. ಕಾರಣ ಕೇಳು.

ಲೋಕಲ್ ಡಬ್ಬಿಯ ಅಗಲ ಸುಮಾರು 3.66 ಮೀಟರ್, ದೂರದ ಗಾಡಿಗಳ ಡಬ್ಬಿಗಿಂತ ಜಾಸ್ತಿ. ಪಕ್ಕದ ಹಳಿಯಲ್ಲಿ ಅದೇ ಅಗಲದ ಇನ್ನೊಂದು ಬಂದಾಗ ನಡುವೆ ಉಳಿಯುವ ಜಾಗ ಅಷ್ಟರ ಮಟ್ಟಿಗೆ ಕಡಿಮೆ. ತಿರುವಿನಲ್ಲಿ ಡಬ್ಬಿ ಬಾಗುವುದಿಲ್ಲ, ಹಳಿ ಬಾಗುತ್ತದೆ. ಆದ್ದರಿಂದ ಡಬ್ಬಿಯ ನಡುಭಾಗ ಒಳಮಗ್ಗುಲಿಗೆ, ತುದಿಗಳು ಹೊರಮಗ್ಗುಲಿಗೆ ಚಾಚಿಕೊಳ್ಳುತ್ತವೆ. ಇದರ ಮೇಲೆ ಹೊರಗಿನ ಹಳಿಯನ್ನು ಎತ್ತರಿಸಿರುತ್ತಾರೆ. ಆ ಎತ್ತರ 100 ಮಿ.ಮೀ. ಇದ್ದರೆ, ಎರಡು ಮೀಟರ್ ಮೇಲೆ ಡಬ್ಬಿ ಸುಮಾರು 11 ಸೆಂ.ಮೀ. ಓರೆಯಾಗುತ್ತದೆ. ಅಕ್ಕಪಕ್ಕದ ಎರಡು ಹಳಿಗೂ ಒಂದೇ ಓರೆ ಇದ್ದರೆ ನಡುವಿನ ಅಂತರ ಉಳಿಯುತ್ತದೆ, ವ್ಯತ್ಯಾಸವಿದ್ದರೆ ತಲೆ ಭಾಗ ಹತ್ತಿರ ಬರಬಹುದು. ಇನ್ನು ಫುಟ್‌ಬೋರ್ಡಿನ ಮೇಲೆ ನೇತಾಡುವವನ ದೇಹ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಎರಡೂ ಗಾಡಿಯಲ್ಲಿ. ಅಂತರ ಯಾರಿಗೂ ಉಳಿಯುವುದಿಲ್ಲ.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಹೀಗೇ ಎರಡು ಗಾಡಿಯವರು ಒಬ್ಬರಿಗೊಬ್ಬರು ತಾಗಿ ಬಿದ್ದರು. ಅಂದೇ ನಾಲ್ವರು ಹೋದರು. ಈ ಜಾಲದಲ್ಲಿ ವರ್ಷಕ್ಕೆ ಸಾಯುವವರು ಎರಡು ಸಾವಿರಕ್ಕೂ ಮೇಲೆ, ಹಳಿ ದಾಟುವವರು, ಬೀಳುವವರು ಎಲ್ಲ ಸೇರಿ.

ಆ ದಿನವೇ ರೈಲ್ವೆ ಹೇಳಿತು, ಮುಂದೆ ಬರುವ ಎ.ಸಿ. (ಇದು ತಂಪು ಮಾಡುವುದು) ಇಲ್ಲದ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಇರುತ್ತದೆ ಅಂತ. ಬಾಗಿಲಲ್ಲಿ ಗಾಳಿಗೆ ಪಟ್ಟಿ ಪಟ್ಟಿ ಕಂಡಿ, ಮೇಲ್ಛಾವಣಿಯಿಂದ ಗಾಳಿ ಊದುವ ಯಂತ್ರ, ಡಬ್ಬಿಯಿಂದ ಡಬ್ಬಿಗೆ ದಾರಿ. ಬಾಗಿಲು ಮುಚ್ಚುವುದು ಹೇಳಿದಷ್ಟು ಸುಲಭ ಅಲ್ಲ. 2017ರ ಡಿಸೆಂಬರಿನಿಂದ ಓಡುತ್ತಿರುವ ಎ.ಸಿ. ಲೋಕಲ್‌ನಲ್ಲೇ ನೋಡು, ಎಲ್ಲ ಬಾಗಿಲೂ ಮುಚ್ಚಿದ ಸೂಚನೆ ಬಾರದೆ ಗಾಡಿಗೆ ಪವರ್ ಸಿಗುವುದಿಲ್ಲ. ಒಬ್ಬನ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡರೆ ಇಡೀ ಗಾಡಿ ನಿಂತ ಹಾಗೇ. ಹಿಂದೆ ಮೂರು ನಿಮಿಷಕ್ಕೆ ಇನ್ನೊಂದು ಬರುತ್ತಿರುತ್ತದೆ. ಬಾಗಿಲು ಬಂದರೂ ಒಳಗೆ ಜಾಗ ಎಲ್ಲಿಂದ ಬರಬೇಕು ಅನ್ನುವುದು ಬೇರೆ.

ಇದನ್ನೆಲ್ಲ ತಜ್ಞನ ಹಾಗೆ ಬರೆಯುತ್ತಿದ್ದೇನಲ್ಲ, ಆ ದಿನ ಸುದ್ದಿ ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತಾ? ಬಾಗಿಲು ಮುಚ್ಚಿದರೆ ಸದ್ದು ಹೋಯಿತು, ಅಷ್ಟರೊಳಗೆ ತೆರೆದ ಬಾಗಿಲಿನದ್ದೊಂದು ಒಳ್ಳೇ ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಬೇಕು ಅಂತ. ಸತ್ತವರು ಎಷ್ಟು ಅಂತ ಓದಿದ್ದು ಅದಾದ ಮೇಲೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳುವ ಯೋಚನೆಯೂ ಇರಲಿಲ್ಲ, ಟಿಕೆಟ್ ಮತ್ತು ಡಬ್ಬಿಯ ವಿಷಯ ಬರೆದು ಮುಗಿಸುವವನಿದ್ದೆ. ಹಾಗೆ ಯೋಚಿಸಿದವನನ್ನು ರೈಲುಪ್ರೇಮಿ ಅಂತ ಕರೆಯುತ್ತಾರೋ ಬೇರೆ ಏನಾದರೂ ಕರೆಯುತ್ತಾರೋ, ನಿನ್ನ ಡಿಕ್ಷನರಿ ನೋಡಿ ಹೇಳು.

ಸರಿ ಸರಿ, ಮುಖ ಗಂಟು ಹಾಕಬೇಡ ಮಾರಾಯ. ನ್ಯೂಟ್ರಲ್ ಸೆಕ್ಷನ್ ಮುಗಿಯಿತು, ಫ್ಯಾನು ತಿರುಗಿತು.

ಉಳಿದ ಸೂಚನೆಗಳು ಚುಟುಕಾಗಿ. ಮೂವರ ಸೀಟಿನಲ್ಲಿ ನಾಲ್ಕನೆಯವನು ಬಂದು ‘ಸರಿಯಿರಿ’ ಅಂದರೆ ಸರಿಯಬೇಕು, ಅದು ಇಲ್ಲಿಯ ಸಂವಿಧಾನ. ಆ ನಾಲ್ಕನೇ ಸೀಟಿನಲ್ಲಿ ಅರ್ಧ ದೇಹ ಗಾಳಿಯಲ್ಲಿರುತ್ತದೆ, ನಿನ್ನ ವಿಷಯದಲ್ಲಿ ಮುಕ್ಕಾಲು. ಇಳಿಯುವ ಸ್ಟೇಷನ್ ಬರುವ ಎರಡು ಸ್ಟೇಷನ್ ಮೊದಲೇ ಏಳು. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಅಂತ ಪಕ್ಕದವನನ್ನು ಕೇಳಿಕೋ. ಗಾಡಿ ನಿಲ್ಲುವುದು ಇಪ್ಪತ್ತು ಮೂವತ್ತು ಸೆಕೆಂಡು. ಕರ್ಜತ್‌ನಲ್ಲಿ ಬಟಾಟೆ ವಡೆ ತಿಂದು, ಪುಣೆಯ ಕಡೆ ಹೋಗುವ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕಟ್ಟುವುದನ್ನು ನೋಡುವಾ. ಮುಂದೆ 37 ಅಡಿಗೆ ಒಂದಡಿ ಏರು, ಒಂದೇ ಎಂಜಿನ್ನಿನಿಂದ ಆಗದ ಕೆಲಸ.

ನಿಮ್ಮ ಬೆಂಗಳೂರಿನ ಸಬರ್ಬನ್ ರೈಲಿನ ನಾಲ್ಕು ಮಾರ್ಗಗಳು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ, ಎಲ್ಲ ಅರಳಿದ ಮೇಲೆ ನಾನೂ ಬರುತ್ತೇನೆ. ಅಷ್ಟರಲ್ಲಿ ಇಬ್ಬರಿಗೂ ಸೀನಿಯರ್ ಸಿಟಿಜನ್ ಸೀಟು ಸಿಗಬಹುದು.

ಬರುವಾಗ ಚಟ್ನಿಪುಡಿ ತಾ. ಟ್ರಾಲಿ ಸೂಟ್‌ಕೇಸ್ ತಂದರೆ ಮಾತ್ರ ಗುರುತಿಲ್ಲದವನ ಹಾಗೆ ಪಕ್ಕದ ಡಬ್ಬಿ ಹತ್ತುತ್ತೇನೆ.

ಇಂತಿ ನಿನ್ನ,
ಔಟರ್ ಸಿಗ್ನಲ್

ತಾ.ಕ.: ಕತ್ತರಿಸಿದ ತುಂಡುಗಳಲ್ಲಿ ಒಂದು ಮಾತ್ರ ಹೇಗೋ ಉಳಿದುಕೊಂಡಿದೆ, ಅನ್ನ ಇಟ್ಟಿದ್ದೀಯಾ ಅಂದವನದ್ದು. ಏಳು ಸೆಕೆಂಡು. ಕಳಿಸಿದ್ದೇನೆ, ಹೆಡ್‌ಫೋನ್ ಹಾಕಿ ಕೇಳು.