ಕರೆಂಟ್ ಹೋದ ಮೇಲೂ ಬದುಕಿರುವ ಒಂದು ಫೋನ್ ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನವನು. ಕೊಡಚಾದ್ರಿ ಬುಡದ ಒಂದು ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಜೀಪ್ ಓಡಿಸುತ್ತಿದ್ದೇನೆ. ಸೀಸನ್‌ನಲ್ಲಿ ಪ್ರವಾಸಿಗರನ್ನು ಗುಡ್ಡ ಹತ್ತಿಸುತ್ತೇನೆ. ಉಳಿದ ದಿನ ಅಡಿಕೆ ಮೂಟೆ, ಗೊಬ್ಬರ, ಮದುವೆಮನೆ ಪಾತ್ರೆ. ರಾತ್ರಿ ಹೊತ್ತಾದರೆ ಹೆರಿಗೆ ನೋವು, ಎದೆನೋವು, ಹಾವು ಕಡಿತ. ನಮ್ಮ ಕಡೆ ಯಾರಿಗಾದರೂ ಜೋರಾದರೆ ಮೊದಲು ನೆನಪಾಗುವುದು ಜೀಪೇ. ಹಾಗಾಗಿ ಸುತ್ತಲಿನ ಹೆಚ್ಚಿನ ಮನೆಗಳ ಕ್ಯಾಲೆಂಡರ್ ಮೇಲೆ ನನ್ನ ನಂಬರ್ ದೊಡ್ಡದಾಗಿ ಬರೆದಿರುತ್ತದೆ.

ಈಚೆಗೆ ನಮ್ಮೂರ ಬಸ್ ಸ್ಟಾಪಿನ ಗೋಡೆಗೆ ಹಳದಿ ಬಣ್ಣ ಬಳಿದು ಕೆಂಪು ಅಕ್ಷರದಲ್ಲಿ ಬರೆಸಿದ್ದಾರೆ: ‘ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ.’ ಅಕ್ಷರ ಚೆನ್ನಾಗಿದೆ. ಆದರೆ ಆ ಗೋಡೆ ಎದುರು ನಿಂತು ಯಾವ ಕಂಪನಿಯ ಸಿಮ್ ಹಾಕಿದರೂ ಒಂದು ಕಡ್ಡಿ ಸಿಗ್ನಲ್ ಬರುವುದಿಲ್ಲ. ಬರೆಯಲು ಬಂದ ಹುಡುಗನೇ ಏನೋ ಕೇಳಬೇಕು ಅಂತ ಅವರ ಯಜಮಾನರಿಗೆ ಫೋನ್ ಮಾಡಲು ಮೇಲಿನ ತಿರುವಿನ ತನಕ ನಡೆದು ಹೋಗಿ ಬಂದ. ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ.

ಹೋದ ವರ್ಷ ಪುಷ್ಯ ಮಳೆಯಲ್ಲಿ ನಡೆದದ್ದನ್ನು ಹೇಳಿದರೆ ನಾನು ಈ ಪತ್ರ ಯಾಕೆ ಬರೆಯುತ್ತಿದ್ದೇನೆ ಅಂತ ನಿಮಗೆ ಗೊತ್ತಾಗುತ್ತದೆ.

ಕರೆಂಟ್ ಹೋಗಿ ಎರಡು ದಿನ ಆಗಿತ್ತು. ನಮ್ಮಲ್ಲಿ ಅದು ವಿಶೇಷವೇನಲ್ಲ. ಒಂದು ಮರ ಲೈನ್ ಮೇಲೆ ಮಲಗಿದರೆ ಲೈನ್‌ಮನ್‌ಗಳು ಪಾಪ ಆ ಮಳೆಯಲ್ಲೇ ಕಾಡು ನುಗ್ಗಿ ಹುಡುಕಬೇಕು. ಅದೇ ದಿನ ಹತ್ತು ಕಡೆ ಬಿದ್ದಿರುತ್ತದೆ. ನಮ್ಮೂರ ಟವರ್ ಮೊದಲ ರಾತ್ರಿಯೇ ಮಲಗಿತ್ತು. ಹೊಳೆ ಆಚೆ ಒಂದು ಮನೆ ಇದೆ. ಅಲ್ಲಿಗೆ ಗಾಡಿ ಹೋಗುವುದಿಲ್ಲ, ಕಾಲುಸಂಕ ದಾಟಬೇಕು. ಆ ಮನೆಯ ಅಕ್ಕ ಸಂಜೆ ಏಳರ ಹೊತ್ತಿಗೆ ದನಕ್ಕೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರು. ಹಾವು ಹುಲ್ಲಿನ ಹೊರೆಯೊಳಗೇ ಇತ್ತಂತೆ. ಬಲಗೈ ತೋರುಬೆರಳಿಗೆ ಕಡಿಯಿತು.

ಮಗ ಫೋನ್ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದ. ಅಲ್ಲಿ ಬೋಳು ಜಾಗದಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ನಿಂತರೆ ಘಟ್ಟದ ಕೆಳಗಿನ ಯಾವುದೋ ಟವರ್ ಸಿಗುತ್ತದೆ. 2020ರಲ್ಲಿ ಮಕ್ಕಳು ಕೊಡೆ ಹಿಡಿದು ಆನ್‌ಲೈನ್ ಕ್ಲಾಸಿಗೆ ಕೂತಿದ್ದೂ ಅದೇ ಬಂಡೆ ಮೇಲೆ. ಅಲ್ಲಿಂದ 108ಕ್ಕೆ ಫೋನ್ ಹೋಯಿತು. ಅವರು ಎಲ್ಲ ಕೇಳಿಕೊಂಡು ಗಾಡಿ ಕಳಿಸುತ್ತೇವೆ ಅಂದರು. ಆಮೇಲೆ ನನಗೆ ಮಾಡಿದ. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.’ ಎಲ್ಲಿಯ ಹೊರಗೆ! ನಾನು ಮನೆಯಲ್ಲೇ ಚಿಮಣಿ ಬೆಳಕಿನಲ್ಲಿ ಗಂಜಿ ಉಣ್ಣುತ್ತಿದ್ದೆ.

ನಮ್ಮನೆಯಲ್ಲಿ ಫೋನಿಗೆ ಒಂದು ಜಾಗ ಅಂತ ಇದೆ. ಅಡುಗೆಮನೆ ಕಿಟಕಿಯ ಎಡಗಡೆ ಮೂರನೇ ಸರಳಿಗೆ ಹಾಲಿನ ಪ್ಯಾಕೆಟ್ ಕವರ್ ಕಟ್ಟಿ ಅದರೊಳಗೆ ಫೋನ್ ಇಳಿಬಿಟ್ಟಿರುತ್ತೇವೆ. ಅಲ್ಲಿ ಮಾತ್ರ ಎರಡು ಕಡ್ಡಿ ಬರುತ್ತದೆ. ನಾಲ್ಕನೇ ಸರಳಿಗೆ ಕಟ್ಟಿದರೆ ಇಲ್ಲ. ಆ ದಿನವೂ ಫೋನ್ ಅದರಲ್ಲೇ ನೇತಾಡುತ್ತಿತ್ತು. ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡಿದ್ದರಿಂದ ತುಂಬಾ ಚಾರ್ಜೂ ಇತ್ತು. ಟವರೇ ಇಲ್ಲದ ಮೇಲೆ ಯಾವ ಸರಳಿಗೆ ಕಟ್ಟಿದರೇನು?

ಹುಡುಗ ನಾಲ್ಕೈದು ಸಲ ಪ್ರಯತ್ನ ಮಾಡಿ, ತಾಯಿಯನ್ನು ಬಿಟ್ಟು ಬಂದ ಹೆದರಿಕೆಗೆ ಗುಡ್ಡ ಇಳಿದ. ಅಲ್ಲಿಗೆ ಅವನ ಫೋನೂ ಸತ್ತ ಹಾಗೆ. ಈ ಒಂದು ವಿಷಯ ಪೇಟೆಯವರಿಗೆ ಹೊಳೆಯುವುದಿಲ್ಲ ನೋಡಿ. ಫೋನ್ ಮಾಡಿ ವಿಷಯ ತಿಳಿಸಿದರೆ ಮುಗಿಯಲಿಲ್ಲ, ಆಂಬುಲೆನ್ಸಿನವರು ತಿರುಗಿ ಫೋನ್ ಮಾಡಿ ದಾರಿ ಕೇಳಬೇಕಲ್ವಾ? ನಮ್ಮಲ್ಲಿ ಮನೆಗೆ ನಂಬರ್ ಇಲ್ಲ, ಬೀದಿಗೆ ಹೆಸರಿಲ್ಲ. ‘ಚೌಡಿ ಬನದ ಹತ್ತಿರ ಎಡಕ್ಕೆ, ಆಮೇಲೆ ಹಲಸಿನ ಮರದ ಹತ್ತಿರ ಕೆಳಗೆ’ ಅಂತಲೇ ದಾರಿ ಹೇಳುವುದು. ಅದನ್ನು ಹೇಳಲು ಯಾರಾದರೂ ಆ ಬಂಡೆ ಮೇಲೇ ಮಳೆಯಲ್ಲಿ ನಿಂತಿರಬೇಕು. ಇತ್ತ ಅಕ್ಕನನ್ನು ಹೊರಲೂ ಜನ ಬೇಕು. ಆ ಮನೆಯಲ್ಲಿದ್ದದ್ದೇ ಮೂರು ಜನ.

ಕೊನೆಗೆ ಪಕ್ಕದ ಮನೆಯವರನ್ನು ಕೂಗಿ ಕರೆದು, ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ಅದರಲ್ಲಿ ಕೂರಿಸಿ ಹೊತ್ತು ತಂದರು. ನಮ್ಮನೆ ಅಂಗಳಕ್ಕೆ ಬಂದಾಗ ಒಂಬತ್ತೂ ಕಾಲು. ಕೈ ಮೊಣಕೈ ತನಕ ಊದಿತ್ತು. ಜೀಪ್ ತೆಗೆದು ಹೊರಟರೆ, ಕೂಡುರಸ್ತೆಯಲ್ಲಿ ಆಂಬುಲೆನ್ಸ್ ದೀಪ ಮಿನುಗಿಸುತ್ತಾ ನಿಂತಿದೆ! ಅದರ ಡ್ರೈವರ್ ಕೊಡೆ ಹಿಡಿದು ರಸ್ತೆಗೆ ಇಳಿದು, ‘ಅಣ್ಣಾ, ಇಲ್ಲಿ ಹಾವು ಕಡಿದ ಮನೆ ಯಾವುದು?’ ಅಂತ ನನ್ನನ್ನೇ ಕೇಳಿದರು. ಬಂದು ಮುಕ್ಕಾಲು ಗಂಟೆ ಆಯಿತಂತೆ. ಹುಡುಗನ ನಂಬರಿಗೆ ಮಾಡಿ ಮಾಡಿ ಸಾಕಾಗಿತ್ತು ಅವರಿಗೆ. ಅವರದು ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಕತ್ತಲು, ಮಳೆ, ಮೂರು ದಾರಿ. ಯಾವ ಕಡೆ ಹೋಗಬೇಕಿತ್ತು ಅವರು?

ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟರು. ಆಮೇಲೆ ಬಗ್ಗಿಸಿ ನೋಡಿದರೆ ನೀರಿನ ಹಾಗೆ ಹರಿಯಿತು, ಹೆಪ್ಪುಗಟ್ಟಿರಲಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹಾವು, ಕೊಳಕುಮಂಡಲ ಇರಬೇಕು ಅಂದರು. ಅಕ್ಕ ಉಳಿದುಕೊಂಡರು. ಹತ್ತು ದಿನ ಆಸ್ಪತ್ರೆ. ಆ ಬೆರಳು ಈಗಲೂ ಮಡಚಲು ಬರುವುದಿಲ್ಲ, ಹಾಲು ಕರೆಯುವುದು ಸೊಸೆ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆ ಬಾಗಿಲಿಗೆ ಬಂದ ಮೇಲಿನ ಲೆಕ್ಕ. ಕೂಡುರಸ್ತೆಯಲ್ಲಿ ಕಳೆದ ಮುಕ್ಕಾಲು ಗಂಟೆಯನ್ನು ಯಾರು ಬರೆದುಕೊಳ್ಳುತ್ತಾರೆ?

ಮಾರನೇ ದಿನ ಮಧ್ಯಾಹ್ನ ಕರೆಂಟ್ ಬಂತು, ಟವರ್ ಎದ್ದಿತು. ಹಾಲಿನ ಕವರ್ ಒಳಗಿಂದ ಟಿಣ್ ಟಿಣ್ ಅಂತ ಮೆಸೇಜ್ ಬೀಳತೊಡಗಿತು. ಈ ನಂಬರಿನಿಂದ ಕರೆ ಬಂದಿತ್ತು: 7.31, 7.32, 7.34, 7.36, 7.39. ಐದೂ ಅವನದೇ. ಇನ್ನೂ ಅಳಿಸಿಲ್ಲ ನಾನು.

ಈಗ ಹಳೆಯ ಕಥೆ ಸ್ವಲ್ಪ. 1999ರಲ್ಲಿ ನಮ್ಮನೆಗೆ ಲ್ಯಾಂಡ್‌ಲೈನ್ ಬಂತು. ಎಕ್ಸ್‌ಚೇಂಜ್ ಅಂದರೆ ಒಂದು ಸಣ್ಣ ಕಟ್ಟಡ, ಒಂದು ಕೋಣೆ ತುಂಬಾ ಸಾಲಾಗಿ ಬ್ಯಾಟರಿ. ಬಾಗಿಲು ತೆಗೆದರೆ ಆಸಿಡ್ ವಾಸನೆ. ಆ ಬ್ಯಾಟರಿಯ 48 ವೋಲ್ಟ್ ಕರೆಂಟ್ ತಂತಿಯಲ್ಲೇ ನಮ್ಮನೆ ತನಕ ಬರುತ್ತಿತ್ತು. ಹಾಗಾಗಿ ಊರಿಗೆ ಊರೇ ಕತ್ತಲಲ್ಲಿದ್ದರೂ ಫೋನ್ ರಿಂಗ್ ಆಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಅದು ಹೊಡೆದುಕೊಂಡರೆ ನನ್ನ ಹೆಂಡತಿ ಮೊದಲು ಜೀಪಿನ ಕೀ ಹುಡುಕುತ್ತಿದ್ದಳು, ಆಮೇಲೆ ರಿಸೀವರ್ ಎತ್ತುತ್ತಿದ್ದಳು.

ಹಳೆಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಸಿಡಿಲಿಗೆ ಎರಡು ಸಲ ಫೋನ್ ಸುಟ್ಟು ಹೋಗಿತ್ತು. ತಂತಿ ಮೇಲೆ ಮರ ಬಿದ್ದರೆ ಹದಿನೈದು ದಿನ ಕೇಳುವವರಿಲ್ಲ. ಕೇಬಲ್ಲಿನ ತಾಮ್ರಕ್ಕೆ ಕಳ್ಳರ ಕಾಟ ಬೇರೆ. ಆದರೂ ಒಂದು ಗುಣ ಇತ್ತು: ಸತ್ತಿದ್ದರೆ ಸತ್ತಿದೆ ಅಂತ ಗೊತ್ತಾಗುತ್ತಿತ್ತು. ರಿಸೀವರ್ ಎತ್ತಿದರೆ ಗುಂಯ್ ಅನ್ನಬೇಕು. ಅನ್ನದಿದ್ದರೆ ಸುಮ್ನೆ ಕಾಯದೆ ಟಾರ್ಚ್ ಹಿಡಿದು ನಡೆದು ಬರುತ್ತಿದ್ದರು. ಮೊಬೈಲ್ ಹಾಗಲ್ಲ. ಕೈಯಲ್ಲಿ ಬೆಳಗುತ್ತಿರುತ್ತದೆ, ಇನ್ನೊಂದು ಸಲ ನೋಡೋಣ ಅನ್ನಿಸುತ್ತದೆ. ಹಾಗೆ ನೋಡುತ್ತಾ ಅರ್ಧ ಗಂಟೆ ಹೋಗುತ್ತದೆ.

ಈಗ ತಾಮ್ರದ ಲೈನ್ ಹೋಗಿ ಕೆಲವು ಮನೆಗೆ ಫೈಬರ್ ಬಂದಿದೆ. ಅದರ ಡಬ್ಬಿಗೆ ಮನೆಯ ಕರೆಂಟೇ ಬೇಕು. ಇನ್ವರ್ಟರ್ ಇದ್ದವರಿಗೆ ಒಂದಷ್ಟು ಹೊತ್ತು, ಇಲ್ಲದವರಿಗೆ ಅದೂ ಇಲ್ಲ.

2022ರಲ್ಲಿ ಕೇಂದ್ರ ಸರ್ಕಾರ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು ಅಂತ ಪೇಪರಿನಲ್ಲೇ ಓದಿದ್ದೇನೆ. ಟವರ್ ಬರಲಿ, ಬೇಡ ಅಂದವರಾರು? ಒಂದು ಕಾಲದಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕಲ್ಲ ಅಂತ ಬೋರ್ಡ್ ಹಿಡಿದವರು ನಾವೇ. ಆದರೆ ಟವರ್ ನಿಲ್ಲಿಸಿದ ದಿನವೇ ನಮ್ಮೂರನ್ನು ‘ನೆಟ್‌ವರ್ಕ್ ಇರುವ ಊರು’ ಪಟ್ಟಿಗೆ ಸೇರಿಸಿಬಿಡುತ್ತಾರೆ. ಕರೆಂಟ್ ಹೋದ ಮೇಲೆ ಅದು ಎಷ್ಟು ಗಂಟೆ ಬದುಕುತ್ತದೆ ಅಂತ ಯಾವ ಪಟ್ಟಿಯಲ್ಲೂ ಬರೆದದ್ದು ನಾನು ನೋಡಿಲ್ಲ. ಮರ ಬೀಳುವುದು, ಧರೆ ಕುಸಿಯುವುದು, ಹಾವು ಮನೆಯೊಳಗೆ ಬರುವುದು, ಹೊಳೆ ತುಂಬುವುದು ಎಲ್ಲ ಅದೇ ನಾಲ್ಕು ತಿಂಗಳಲ್ಲಿ. ಕರೆಂಟ್ ಹೋಗುವುದೂ ಅದೇ ನಾಲ್ಕು ತಿಂಗಳಲ್ಲಿ. ನಮಗೆ ಫೋನ್ ಜಾಸ್ತಿ ಬೇಕಾಗುವುದು ಅದು ಸತ್ತಿರುವಾಗಲೇ.

ನಮ್ಮ ಟವರಿನ ಕೆಳಗೆ ಜನರೇಟರ್ ಇದೆ. ಡೀಸೆಲ್ ಇರುವುದಿಲ್ಲ. ಬ್ಯಾಟರಿ ಹಳತಾಗಿದೆ. ಒಂದು ಸಲ ಊರವರು ಚಂದಾ ಎತ್ತಿ ಹಾಕಿದೆವು, ಇನ್ನೊಂದು ಸಲ ನನ್ನ ಜೀಪಿನ ಕ್ಯಾನಿನಿಂದಲೇ ಐದು ಲೀಟರ್ ಸುರಿದೆ. ಇದು ನಮ್ಮ ಕೆಲಸವಾ? ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ, ಬ್ಯಾಟರಿ ಪರೀಕ್ಷೆ ಮಾಡಿ ಡೀಸೆಲ್ ತುಂಬಿಸಿಡಬೇಕು. ಕನಿಷ್ಠ ಮೂರು ದಿನ ಟವರ್ ನಡೆಯಬೇಕು ಅಂತ ಜಿಲ್ಲಾಡಳಿತ ಬರೆಸಿಕೊಳ್ಳಲಿ. ನಾವೂ ಮಳೆಗಾಲಕ್ಕೆ ಸೌದೆ ಮೇ ತಿಂಗಳಲ್ಲೇ ಕೂಡಿಡುತ್ತೇವೆ, ಆಷಾಢದಲ್ಲಿ ಹುಡುಕಲು ಹೋಗುವುದಿಲ್ಲ.

ಇನ್ನೊಂದು ಕೋರಿಕೆ ವೈರ್‌ಲೆಸ್ ಬಗ್ಗೆ. ಕೆಲವು ವರ್ಷದ ಹಿಂದೆ ಗುಡ್ಡದ ಮೇಲೆ ಬೆಂಗಳೂರಿನ ಹುಡುಗನೊಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡ. ಜೊತೆಗಿದ್ದವನ ಹತ್ತಿರ ಭಾರೀ ಬೆಲೆಯ ಫೋನ್. ‘ಅಣ್ಣಾ, ಇದು ನೇರ ಉಪಗ್ರಹಕ್ಕೇ ಮಾತಾಡುತ್ತೆ’ ಅಂತ ಆಕಾಶಕ್ಕೆ ತೋರಿಸಿಕೊಂಡು ತಿರುಗಿದ. ಆ ಸೌಲಭ್ಯ ನಮ್ಮ ದೇಶದಲ್ಲಿ ಬಿಟ್ಟಿಲ್ಲ ಅಂತ ಪಾಪ ಅವನಿಗೆ ಆಮೇಲೆ ಗೊತ್ತಾಯಿತು. ಕೊನೆಗೆ ಕೆಳಗೆ ಸುದ್ದಿ ಮುಟ್ಟಿದ್ದು ಅರಣ್ಯ ಇಲಾಖೆಯ ವಾಚರ್ ಒಬ್ಬರ ವಾಕಿಟಾಕಿಯಿಂದ. ಇಟ್ಟಿಗೆಯಷ್ಟು ದಪ್ಪ, ಅಂಟು ಪಟ್ಟಿ ಸುತ್ತಿದ್ದು. ಎರಡೇ ಮಾತಿಗೆ ಉತ್ತರ ಬಂತು. ಮಳೆಗಾಲದ ನಾಲ್ಕು ತಿಂಗಳಾದರೂ ಇಂಥ ಒಂದು ಸೆಟ್ಟನ್ನು ಪಂಚಾಯಿತಿಯಲ್ಲೋ ಆಶಾ ಕಾರ್ಯಕರ್ತೆಯ ಮನೆಯಲ್ಲೋ ಇಟ್ಟು, ಪೊಲೀಸ್ ಠಾಣೆಗೆ ಜೋಡಿಸಲು ಆಗುವುದಿಲ್ಲವಾ? ದುರುಪಯೋಗ ಆಗುತ್ತದೆ ಅನ್ನುವವರು ಇರುತ್ತಾರೆ. ಆ ಮಳೆಯಲ್ಲಿ ದುರುಪಯೋಗ ಮಾಡಲು ಯಾರಿಗೆ ಪುರುಸೊತ್ತಿದೆ ಸ್ವಾಮಿ?

ಓದುಗರಿಗೆ ಒಂದು ಮಾತು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಜೀವಂತ ಇದ್ದರೆ 112 ಹೋಗುತ್ತದೆ. ಫೋನಿನ ಮೇಲೆ ತುರ್ತು ಕರೆ ಮಾತ್ರ ಅಂತ ಬಂದರೆ ಅದರ ಅರ್ಥ ಅದೇ. ಎಷ್ಟೋ ಜನ ಅದನ್ನು ನೋಡಿ ‘ಸಿಗ್ನಲ್ ಇಲ್ಲ’ ಅಂತ ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೊಳೆಯಾಚೆಯ ಹುಡುಗನಿಗೂ ಇದು ಗೊತ್ತಿರಲಿಲ್ಲ. ಅವತ್ತು ಅವನ ಮನೆಯಂಗಳದಲ್ಲಿ ಯಾವ ಕಂಪನಿಯದೂ ಇರಲಿಲ್ಲ, ಆ ಮಾತು ಬೇರೆ.

ಬಸ್ ಸ್ಟಾಪಿನ ಗೋಡೆಯ ಆ ಕೆಂಪು ಬರಹದ ಕೆಳಗೆ, ಜೀಪಿಗೆ ತಂದು ಉಳಿದಿದ್ದ ಕಪ್ಪು ಪೇಂಟಿನಲ್ಲಿ ನಾನೇ ಒಂದು ಸಾಲು ಸೇರಿಸಿದ್ದೇನೆ: ‘ಸಿಗ್ನಲ್‌ಗೆ ಮೇಲಿನ ತಿರುವು, ಬಲಗಡೆ ಧರೆ ಮೇಲೆ. ಕರೆಂಟ್ ಇದ್ದರೆ ಮಾತ್ರ.’ ಇದುವರೆಗೆ ಯಾರೂ ಅಳಿಸಿಲ್ಲ.

ಇಂತಿ,
ಒಬ್ಬ ಜೀಪ್ ಚಾಲಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ