ಜಿಲೇಬಿ ಮೀನಿಗೆ ಬಲೆಯೊಂದೇ ಸಾಲದು

ಮಾನ್ಯರೇ,

ನಗರದ ಕೆರೆಗಳಲ್ಲಿ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಕಡಿಮೆಯಾಗಲು ಬಲೆ ಬೀಸಿದರೆ ಸಾಕು ಎನ್ನುವವರು ಮೊದಲು ಲೆಕ್ಕ ಹಾಕಲಿ. ಹೆಚ್ಚೆಂದರೆ 10,000 ಮೀನು ಬದುಕಬಲ್ಲ ಕೆರೆ, ವಾರ್ಷಿಕ ವೃದ್ಧಿದರ 1 ಎಂದಿಟ್ಟುಕೊಳ್ಳಿ. ಕೆರೆ ತುಂಬುತ್ತಾ ಬಂದಂತೆ ಮೀನಿನ ವೃದ್ಧಿ ನಿಧಾನವಾಗುತ್ತದೆ ಎನ್ನುವ ಲಾಜಿಸ್ಟಿಕ್ ಸಮೀಕರಣದಂತೆ ವರ್ಷಕ್ಕೆ 2,000 ಹಿಡಿದರೂ ಸಂಖ್ಯೆ 7,236ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ; 2,500 ದಾಟಿದರಷ್ಟೇ ಕುಸಿತ.

ಬಲೆಯ ಜೊತೆಗೆ ವೈವೈ ಗಂಡುಗಳನ್ನು, ಅಂದರೆ ಎಕ್ಸ್-ವೈ ಬದಲು ಎರಡೂ ವೈ ವರ್ಣತಂತುಗಳಿರುವಂತೆ ಬೆಳೆಸಿದ ಗಂಡುಗಳನ್ನು, ಕೆರೆಗೆ ಬಿಟ್ಟರೆ ಅವುಗಳ ಮರಿಗಳೆಲ್ಲ ಗಂಡೇ. ಹೆಣ್ಣಿನ ಸಂಖ್ಯೆ ಕರಗುತ್ತಾ ಬರುತ್ತದೆ. ಆದರೆ ಎಡವುವುದು ಬಲೆಯ ಕಣ್ಣಿನ ಗಾತ್ರದಲ್ಲಿ. ಗಂಡು ತಿಲಾಪಿಯಾ ಹೆಣ್ಣಿಗಿಂತ ದೊಡ್ಡದು. ದೊಡ್ಡ ಕಣ್ಣಿನ ಬಲೆ ನಾವೇ ಬಿಟ್ಟ ಗಂಡುಗಳನ್ನು ಎತ್ತಿಕೊಂಡು, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಹೆಣ್ಣುಗಳನ್ನು ಬಿಟ್ಟುಬಿಡುತ್ತದೆ! ಮಳೆಗಾಲದಲ್ಲಿ ರಾಜಕಾಲುವೆ ಹಿಡಿದು ಬರುವ ಮೀನನ್ನೂ ಸಮೀಕರಣಕ್ಕೆ ಸೇರಿಸಬೇಕು, ಒಳಹರಿವಿಗೆ ಜಾಲರಿಯನ್ನೂ ಹಾಕಬೇಕು.

– ಜಲಜೀವಿ ಅಧ್ಯಯನಾಸಕ್ತರು, ಬೆಂಗಳೂರು