ಹಸಿರು ನಗರಕ್ಕೆ ಅಷ್ಟು ದುಡ್ಡು ಸುರಿಯಬೇಡ

ಪ್ರೀತಿಯ ಗೆಳೆಯ,

ಸ್ಕ್ರಿಪ್ಟೂ ಓದಿದೆ, ಬಜೆಟ್ಟೂ ನೋಡಿದೆ. ‘ದಿ ವಿಝರ್ಡ್ ಆಫ್ ಆಝ್’ ಕತೆಯ ಹುಡುಗಿ ಡೊರೊತಿಯನ್ನು ನಿನ್ನ ಸಿನಿಮಾದಲ್ಲಿ ಮಂಗಳಗ್ರಹಕ್ಕೆ ಕಳಿಸುವುದಕ್ಕೆ ನನ್ನ ತಕರಾರಿಲ್ಲ. 1965ರಲ್ಲೇ ನಿರ್ದೇಶಕ ಡೇವಿಡ್ ಹೆವಿಟ್ ‘ದಿ ವಿಝರ್ಡ್ ಆಫ್ ಮಾರ್ಸ್’ನಲ್ಲಿ ಇದನ್ನು ಕಡಿಮೆ ಕಾಸಲ್ಲಿ ಮಾಡಿದ್ದ, ಮಾಯಾವಿ ಅಂದರೆ ನಟ ಜಾನ್ ಕ್ಯಾರಡೈನ್‌ನ ತೇಲುವ ತಲೆ, ಅಷ್ಟೇ. ನೀನು ನೋಡಿದರೆ ಆ ಮಾಯಾವಿಯ ಹಸಿರು ನಗರದ ಗ್ರಾಫಿಕ್ಸಿಗೇ ಅರ್ಧ ದುಡ್ಡು ಇಟ್ಟಿದ್ದೀಯ. ದಂಡ.

ಬಾಮ್ 1900ರಲ್ಲಿ ಬರೆದ ಮೂಲ ಪುಸ್ತಕ ತೆಗೆದು ನೋಡು. ಊರಬಾಗಿಲಲ್ಲೇ ಎಲ್ಲರಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ. ನಿನ್ನ ಕತೆಯಲ್ಲಿ ಅದು ಹೆಲ್ಮೆಟ್ಟಿನೊಳಗಿನ ಡಿಸ್‌ಪ್ಲೇ ಆಗಲಿ. ಪಾತ್ರದ ಕಣ್ಣಿಗೆ ಕಾಣುವ ಶಾಟ್‌ಗಳಿಗೆ ಮಾತ್ರ ಗ್ರೇಡಿಂಗ್‌ನಲ್ಲಿ, ಅಂದರೆ ಶೂಟಿಂಗ್ ಮುಗಿದ ಮೇಲೆ ಬಣ್ಣ ತಿದ್ದುವಾಗ, ಹಸಿರು ಹಚ್ಚು. ಡಿಸ್‌ಪ್ಲೇ ಕೆಟ್ಟ ತಕ್ಷಣ ಅದೇ ಜಾಗ ಬೋಳು ಕಾಂಕ್ರೀಟು. ವೈಟ್‌ಫೀಲ್ಡ್ ಕಡೆ ಅರ್ಧಕ್ಕೆ ನಿಂತ ಕಟ್ಟಡ ಸಾಕು, ಓನರ್ ಅನುಮತಿ ಬರಹದಲ್ಲಿರಲಿ.

ಹೆಲ್ಮೆಟ್ಟಿನ ಗಾಜಿಗೆ ಹಸಿರು ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಬೇಡ, ಮುಖ ಹೆಣದ ಹಾಗೆ ಕಾಣುತ್ತೆ. ಗದ್ದದ ಕೆಳಗೆ ಎಸ್.ಪಿ. ರೋಡಲ್ಲಿ ಸಿಗುವ 12 ವೋಲ್ಟ್ ಎಲ್‌ಇಡಿ ಪಟ್ಟಿಯ ಒಂದು ತುಂಡಿಟ್ಟು, ಮೇಲೆ ಟ್ರೇಸಿಂಗ್ ಪೇಪರ್ ಎರಡು ಮಡಿಕೆ ಹಾಕು. ಪೇಪರ್ ಇಲ್ಲದಿದ್ದರೆ ಒಂದೊಂದು ಬಲ್ಬೂ ಗಾಜಿನ ಒಳಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಉಸಿರಿನ ಮಂಜಿಗೆ ಹಿಂಬದಿಯಲ್ಲಿ ಚಿಕ್ಕ ಫ್ಯಾನ್ ಇರಲಿ, ಗಾಳಿ ಹೊರಗೆಳೆಯುವ ದಿಕ್ಕಿಗೆ. ಅದರ ಗುಂಯ್‌ ಸದ್ದಿಗೆ ಲೈವ್ ಸೌಂಡ್ ಕೆಡುವುದು ಗ್ಯಾರಂಟಿ, ಹಾಗಾಗಿ ಡಬ್ ಮಾಡು. ದನಿಯಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 3400ಕ್ಕಿಂತ ಮೇಲಿನದನ್ನೂ ಕತ್ತರಿಸಿದರೆ ರೇಡಿಯೋ ದನಿಯೇ ಸಿಗುತ್ತೆ.

ನಡಿಗೆಗೆ ಹಗ್ಗ, ಕ್ರೇನ್ ಯಾವುದೂ ಬೇಡ. ಮಂಗಳದ ಗುರುತ್ವ ನಮ್ಮದರ 0.38 ಪಾಲು, ಸೆಕೆಂಡಿಗೆ 40 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಬೀಳುವ ವೇಗ ಹೆಚ್ಚುಕಡಿಮೆ ಲೆಕ್ಕಕ್ಕೆ ಸರಿಹೋಗುತ್ತೆ. ಟ್ಯೂಬ್‌ಲೈಟ್ ಇರುವ ಕಡೆ ಶಟರ್ 1/80 ಸೆಕೆಂಡ್ ಇಡಬೇಡ, 1/100 ಇಡು. ನಮ್ಮ ಕರೆಂಟ್ 50 ಹರ್ಟ್ಸ್, ಇಲ್ಲದಿದ್ದರೆ ಬೆಳಕು ಮಿಣುಕುತ್ತೆ.

ಸುಂಟರಗಾಳಿ ನೌಕೆಯನ್ನು ಎತ್ತಿ ಒಗೆಯುವ ಸೀನ್ ತೆಗೆದುಬಿಡು. ಅಲ್ಲಿನ ವಾಯುಒತ್ತಡ ನಮ್ಮದರ ಶೇಕಡಾ 1ಕ್ಕಿಂತ ಕಡಿಮೆ, ಎಷ್ಟೇ ಬೀಸಿದರೂ ನೌಕೆ ಮಿಸುಕಲ್ಲ. ದೂಳು ಬಿಸಿಲಿಗೆ ಅಡ್ಡವಾಗಿ ಸೋಲಾರ್ ಫಲಕದ ಕರೆಂಟ್ ಹೋಗಲಿ. 2018ರಲ್ಲಿ ಮಂಗಳದ ಮೇಲೆ ನಾಸಾದ ಆಪರ್ಚುನಿಟಿ ರೋವರ್ ಮೌನವಾಗಿದ್ದೇ ಹಾಗೆ.

ಡೊರೊತಿಯ ಕೆಂಪು ಬೂಟು ಮಾತ್ರ ಸ್ಕ್ರಿಪ್ಟಿನಿಂದ ಇವತ್ತೇ ಹೊಡೆದುಹಾಕು. ಪುಸ್ತಕ ಯಾರು ಬೇಕಾದರೂ ಬಳಸಬಹುದು, ಅದರಲ್ಲಿರುವುದು ಬೆಳ್ಳಿ ಬೂಟು. ಕೆಂಪು ಮಾಡಿದ್ದು 1939ರ ಎಂಜಿಎಂ ಸಿನಿಮಾ. ನೀನು ಓಟಿಟಿಗೆ ಕೊಡುವವನು, ಅಮೆರಿಕದಲ್ಲಿ ಆ ಸಿನಿಮಾಕ್ಕೆ ಕಾಪಿರೈಟ್ ಇನ್ನೂ ಇದೆ.

ಇಂತಿ ನಿನ್ನ
ಗೆಳೆಯ